ಪೇಷೆಂಟ್ ಕಡೆಯವರು ಯಾರು?

ನಮ್ಮ ಕಡೆ ಯಾವ ಆಸ್ಪತ್ರೆಗೆ ಹೋದರೂ ಈ ಕೂಗು ಕೇಳಿರುತ್ತೀರಿ. "ಪೇಷೆಂಟ್ ಕಡೆಯವರು ಯಾರ್ರೀ? ಬನ್ನಿ, ಸಹಿ ಹಾಕಿ." ಪೇಷೆಂಟ್ ಅಲ್ಲೇ ಮಂಚದ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿರುತ್ತಾರೆ. ಅವರನ್ನು ಯಾರೂ ಕೇಳುವುದಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಮಗನೋ ಅಳಿಯನೋ ಎದ್ದು ಬಂದು, ತೋರಿಸಿದ ಮೂರು ಕಡೆ ಗೀಚಿ, ವಾಪಸ್ ಹೋಗಿ ಕೂರುತ್ತಾನೆ.

ದಾವಣಗೆರೆಯಲ್ಲಿ ಫಿಸಿಷಿಯನ್ ಆಗಿ ಕೆಲಸ ಶುರು ಮಾಡಿದ ಮೊದಲ ಏಳೆಂಟು ವರ್ಷ ನಾನೂ ಹೀಗೇ ಕೂಗಿಸಿದವಳು. ಅದು ತಪ್ಪು ಅಂತ ತಲೆಗೇ ಹೋಗಿರಲಿಲ್ಲ.

ತಲೆಗೆ ಹೋಗುವ ಹಾಗೆ ಮಾಡಿದವರು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರು. ಐವತ್ತರ ಆಸುಪಾಸು. ಎದೆಯ ಪೊರೆಯಲ್ಲಿ ನೀರು ತುಂಬಿತ್ತು. ಸೂಜಿ ಹಾಕಿ ತೆಗೆಯಬೇಕು. ಮಗ ಸಹಿ ಹಾಕಿದ, ನಾನು ಬೆನ್ನಿನ ಕಡೆಯಿಂದ ಸೂಜಿ ಹಾಕಿದೆ. ಅವರು ಬೆಚ್ಚಿ ಮೈ ಕೊಡವಿದರು. ಸೂಜಿ ಜಾರಿತು, ಎರಡನೇ ಸಲ ಚುಚ್ಚಬೇಕಾಯಿತು. ದೊಡ್ಡ ಅನಾಹುತ ಏನೂ ಆಗಲಿಲ್ಲ. ಸಂಜೆ ರೌಂಡ್ಸಿಗೆ ಹೋದಾಗ, "ಚುಚ್ಚಿದ್ದು ನನಗೆ, ಕೇಳಿದ್ದು ಅವನಿಗೆ. ಒಂದ್ ಮಾತು ಹೇಳಿದ್ರೆ ಗಟ್ಟಿಯಾಗಿ ಕೂರ್ತಿದ್ನಲ್ಲ ಮೇಡಂ" ಅಂದರು. ಸಿಟ್ಟಿನಿಂದಲ್ಲ, ಸುಮ್ನೆ ಹೇಳಿದರು. ನನಗೆ ಉತ್ತರ ತೋಚಲಿಲ್ಲ.

ಆಮೇಲೆ ಕಾನೂನು ಏನು ಹೇಳುತ್ತದೆ ಅಂತ ಓದಲು ಕೂತೆ. ಸುಪ್ರೀಂ ಕೋರ್ಟಿನ 2008ರ ಸಮೀರಾ ಕೊಹ್ಲಿ ತೀರ್ಪು ಸಿಕ್ಕಿತು. 44 ವರ್ಷದ ಹೆಣ್ಣುಮಗಳು, ಮುಟ್ಟಿನ ರಕ್ತಸ್ರಾವದ ತೊಂದರೆ. ಲ್ಯಾಪರೋಸ್ಕೋಪ್, ಅಂದರೆ ಹೊಟ್ಟೆಯೊಳಗೆ ಇಳಿಸುವ ಸಣ್ಣ ಕ್ಯಾಮೆರಾ ನಳಿಕೆ, ಹಾಕಿ ನೋಡುವುದಕ್ಕೆ ಮಾತ್ರ ಒಪ್ಪಿ ಸಹಿ ಹಾಕಿದ್ದರು. ಅರಿವಳಿಕೆಯಲ್ಲಿ ಮಲಗಿದ್ದಾಗ, ಹೊರಗೆ ಕಾಯುತ್ತಿದ್ದ ತಾಯಿಯ ಸಹಿ ತೆಗೆದುಕೊಂಡು ಗರ್ಭಕೋಶ, ಅಂಡಾಶಯ ಎಲ್ಲ ತೆಗೆದುಬಿಟ್ಟರು. ತಾಯಿಯ ಒಪ್ಪಿಗೆ ನಡೆಯುವುದಿಲ್ಲ ಅಂದಿತು ಕೋರ್ಟು. ರೋಗಿ ವಯಸ್ಸಿಗೆ ಬಂದವರು, ಬುದ್ಧಿ ಸರಿಯಿದೆ, ಆ ಕ್ಷಣಕ್ಕೆ ಜೀವಕ್ಕೆ ಅಪಾಯವಿರಲಿಲ್ಲ. ಎಚ್ಚರವಾಗುವ ತನಕ ಕಾದು ಅವರನ್ನೇ ಕೇಳಬೇಕಿತ್ತು. ನೋಡುವುದಕ್ಕೆ ಕೊಟ್ಟ ಒಪ್ಪಿಗೆ ತೆಗೆಯುವುದಕ್ಕೆ ಕೊಟ್ಟ ಒಪ್ಪಿಗೆ ಆಗುವುದಿಲ್ಲ. ಪರಿಹಾರ ಅಂತ ಕೊಡಿಸಿದ್ದು 25,000 ರೂಪಾಯಿ, ಜೊತೆಗೆ ಡಾಕ್ಟರಿಗೆ ಫೀಸು ಇಲ್ಲ. ಮೊತ್ತ ನೋಡಿ ನನಗೆ ಬೇಜಾರೇ ಆಯಿತು. ಆದರೆ ಮಾತು ಸ್ಪಷ್ಟವಾಗಿತ್ತು.

ನಮ್ಮ ವೈದ್ಯರ ನಡತೆಯ ನಿಯಮಾವಳಿ ಇದೆಯಲ್ಲ, 2002ರದ್ದು, ಅದರಲ್ಲಿ ಆಪರೇಷನ್ನಿಗೆ ಯಾರ ಲಿಖಿತ ಒಪ್ಪಿಗೆ ಬೇಕು ಅನ್ನುವ ಸಾಲನ್ನು ಒಮ್ಮೆ ಓದಿ. ಗಂಡ ಅಥವಾ ಹೆಂಡತಿ, ಮಕ್ಕಳಾದರೆ ತಂದೆ ತಾಯಿ, "ಅಥವಾ" ರೋಗಿ. ಸಾಲಿನಲ್ಲೂ ರೋಗಿ ಕೊನೆಗೇ ನಿಂತಿದ್ದಾರೆ. ನಾವು ಕಲಿತದ್ದು ಎಲ್ಲಿಂದ ಅಂತ ಗೊತ್ತಾಯ್ತಲ್ವಾ?

ನಾನು ಮೊದಲು ಕೈ ಹಾಕಿದ್ದು ಫಾರ್ಮಿಗೆ. ಇಂಗ್ಲಿಷಿನಲ್ಲಿ ಅಚ್ಚಾದ ಒಂದೇ ಹಾಳೆ. ಸೂಜಿಗೂ ಅದೇ, ಹೊಟ್ಟೆ ಕೊಯ್ಯುವುದಕ್ಕೂ ಅದೇ. ಕೆಳಗೆ "ಏನೇ ಆದರೂ ಆಸ್ಪತ್ರೆ ಜವಾಬ್ದಾರಿಯಲ್ಲ" ಅನ್ನುವ ಸಾಲು. ಆ ಸಾಲು ನಮ್ಮನ್ನು ಕಾಯುತ್ತದೆ ಅಂತ ಬಹಳ ಜನ ನಂಬಿದ್ದಾರೆ. ನಿರ್ಲಕ್ಷ್ಯ ಆಗಿದ್ದರೆ ಅದು ಯಾರನ್ನೂ ಕಾಯುವುದಿಲ್ಲ. ಅದನ್ನು ಹೊಡೆದು ಹಾಕಿ, ಕನ್ನಡದಲ್ಲಿ ಬರೆಸಿ, ನಡುವೆ ಅರ್ಧ ಪುಟ ಖಾಲಿ ಬಿಡಿಸಿದೆ. ರೋಗಿ ತನ್ನ ಬಾಯಲ್ಲಿ ಏನು ಹೇಳಿದರೋ ಅದನ್ನು ಹಾಗೇ ಬರೆಯಲು. ಮ್ಯಾನೇಜ್‌ಮೆಂಟಿನವರು "ಇಷ್ಟು ಜಾಗ ಯಾಕೆ ವೇಸ್ಟ್?" ಅಂದರು. ಬಿಡಿ, ಅದು ಬೇರೆ ಕಥೆ.

ತುರ್ತು ಇದ್ದಾಗ ಈ ಯಾವುದಕ್ಕೂ ಕಾಯುವ ಹಾಗಿಲ್ಲ. ಹೈವೇಯಲ್ಲಿ ಬಿದ್ದು ಎಚ್ಚರ ತಪ್ಪಿ ಬಂದವರಿಗೆ ಸಹಿ ಹುಡುಕುತ್ತಾ ಕೂರಬಾರದು. ಮೊದಲು ಐಪಿಸಿ 92ನೇ ಸೆಕ್ಷನ್ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 30. ಒಳ್ಳೆಯದಕ್ಕಾಗಿ, ಒಪ್ಪಿಗೆ ಪಡೆಯಲು ದಾರಿಯೇ ಇಲ್ಲದಾಗ ಮಾಡಿದ್ದು ಅಪರಾಧವಲ್ಲ. ಅಷ್ಟೇ ಸಾಕು.

ಒಪ್ಪಿಗೆ ಕೊಡುವವರದು ಸುಲಭ. "ಬೇಡ" ಅನ್ನುವವರದ್ದು ಕಷ್ಟ. ನನಗೆ ಅದನ್ನು ಕಲಿಸಿದ್ದು ಜಗಳೂರು ಕಡೆಯ ಒಬ್ಬ ಅಜ್ಜಿ. 2019ರ ಮಾತು.

ಎಪ್ಪತ್ತು ದಾಟಿತ್ತು. ಎರಡೂ ಕಿಡ್ನಿ ಹೋಗಿದ್ದವು. ವಾರಕ್ಕೆ ಎರಡು ಸಲ ಡಯಾಲಿಸಿಸ್, ಸಲಕ್ಕೆ ನಾಲ್ಕು ಗಂಟೆ. ಐದು ತಿಂಗಳು ಮಾಡಿಸಿಕೊಂಡ ಮೇಲೆ ಒಂದು ದಿನ, "ಇನ್ನ ಬ್ಯಾಡ" ಅಂದರು. ಮಗ ಓಡಿ ಬಂದ. "ಅವ್ವಗೆ ತಲೆ ಓಡ್ತಿಲ್ಲ ಮೇಡಂ, ನಾನು ಸಹಿ ಹಾಕ್ತೀನಿ, ನೀವು ಮಾಡಿ." ಡ್ಯೂಟಿ ಡಾಕ್ಟರು ಕೇಸ್ ಶೀಟಿನಲ್ಲಿ ಆಗಲೇ ಬರೆದಿದ್ದರು: ರೋಗಿ ಗೊಂದಲದಲ್ಲಿದ್ದಾರೆ, ತಾರೀಖು ಹೇಳುತ್ತಿಲ್ಲ.

ಕಿಡ್ನಿ ಕೆಟ್ಟವರಿಗೆ ರಕ್ತದಲ್ಲಿ ಯೂರಿಯಾ ಅನ್ನುವ ಕಶ್ಮಲ ಏರಿದರೆ ಮಂಕು ಕವಿಯುವುದು ನಿಜ. ಹಾಗಾಗಿ ಆ ಹೊತ್ತಿನಲ್ಲಿ ಏನೂ ತೀರ್ಮಾನ ಮಾಡಲಿಲ್ಲ. ಅಜ್ಜಿಯನ್ನು ಕೇಳಿಯೇ ಅವತ್ತಿನ ಒಂದು ಡಯಾಲಿಸಿಸ್ ಮಾಡಿಸಿದೆ. "ಇದೊಂದು ಮಾಡಿಸ್ಕಳಿ, ನಾಳೆ ಕೂತು ಮಾತಾಡೋಣ" ಅಂದೆ, ಒಪ್ಪಿದರು. ಮುಗಿದ ದಿನ ಸುಸ್ತಿರುತ್ತದೆ. ಮಾರನೇ ದಿನ ಬೆಳಿಗ್ಗೆ ತಿಂಡಿ ಆದ ಮೇಲೆ ಹೋದೆ. ಮಿಷಿನ್ನುಗಳ ಕಿರಿಕಿರಿ ಇಲ್ಲದ ಕಡೆಗೆ ಮಂಚ ಸರಿಸಿದ್ದರು. ಬಲಕ್ಕೆ ಕೂತು ಮಾತಾಡಿದರೆ ಸುಮ್ಮನೆ ತಲೆ ಆಡಿಸುತ್ತಿದ್ದಾರೆ. ಎಡಕ್ಕೆ ಬಂದು ಕೂತೆ. "ಆ ಕಿವಿ ಹೋಗಿ ಹತ್ತು ವರ್ಷಾತು, ಈ ಕಡೆ ಮಾತಾಡು ಡಾಕ್ಟ್ರಮ್ಮ" ಅಂದರು. ಅಲ್ಲಿಗೆ ಅರ್ಧ ಗೊಂದಲ ಕಳೆಯಿತು.

ತಾರೀಖು ಗೊತ್ತಿರಲಿಲ್ಲ, ನಿಜ. "ಅಮಾಸೆ ಆಗಿ ನಾಕು ದಿನ" ಅಂದರು. ಮೊಬೈಲ್ ತೆಗೆದು ನೋಡಿದೆ, ಸರಿಯಾಗಿತ್ತು.

ತಿಳಿವಳಿಕೆ ಅಳೆಯಲು ನಾನು ಬಳಸುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 4ನೇ ಸೆಕ್ಷನ್. ಅದು ಮಾನಸಿಕ ಚಿಕಿತ್ಸೆಗೆ ಮಾಡಿದ ಕಾನೂನು, ಕಿಡ್ನಿಗಲ್ಲ. ಆದರೆ ಅಳತೆಗೋಲು ಚೆನ್ನಾಗಿದೆ. ಹೇಳಿದ್ದು ಅರ್ಥವಾಗುತ್ತದಾ, ಮಾಡಿದರೆ ಬಿಟ್ಟರೆ ಏನಾಗುತ್ತದೆ ಅಂತ ಗೊತ್ತಾಗುತ್ತದಾ, ತೀರ್ಮಾನವನ್ನು ಮಾತಿನಲ್ಲೋ ಸನ್ನೆಯಲ್ಲೋ ತಿಳಿಸಬಲ್ಲರಾ. ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತಿದೆ. ನಿರ್ಧಾರ ಬೇರೆಯವರ ಕಣ್ಣಿಗೆ ತಪ್ಪಾಗಿ ಕಂಡ ಮಾತ್ರಕ್ಕೆ ಆ ಮನುಷ್ಯನಿಗೆ ಸಾಮರ್ಥ್ಯವಿಲ್ಲ ಅಂತ ಆಗುವುದಿಲ್ಲ. ನಾವು ಮಾಡುವುದು ಉಲ್ಟಾ. ನಾವು ಹೇಳಿದ್ದಕ್ಕೆ ಹೂಂ ಅಂದರೆ ಬುದ್ಧಿ ಸರಿಯಿದೆ, ಊಹೂಂ ಅಂದರೆ ಸೈಕಿಯಾಟ್ರಿಗೆ ಚೀಟಿ!

"ಅರ್ಥ ಆಯ್ತಾ?" ಅಂತ ನಾನು ಕೇಳುವುದಿಲ್ಲ. ಎಲ್ಲರೂ "ಆತು" ಅನ್ನುತ್ತಾರೆ. "ಅಜ್ಜಿ, ಊರಿಗೆ ಹೋದ ಮೇಲೆ ಸೊಸೆ ಕೇಳಿದ್ರೆ ಏನಂತ ಹೇಳ್ತೀರಿ?" ಅಂದೆ.

"ಏನೇಳಾದು. ರಕ್ತ ಹೊರಗ ತಗದು, ತೊಳದು, ಒಳಗ ಬಿಡ್ತಾರೆ. ಬಿಟ್ರ ಮೈಯಾಗ ನೀರು ನಿಂತು ಉಸಿರು ಕಟ್ತೈತಿ. ಎಂಟು ದಿನಾನೋ ಹದಿನೈದು ದಿನಾನೋ, ಹೋಕ್ಕೀನಿ."

ನಾನು ಹತ್ತು ನಿಮಿಷ ಹೇಳಿದ್ದನ್ನು ಮೂರು ಮಾತಿನಲ್ಲಿ ಹೇಳಿಬಿಟ್ಟರು.

ಯಾಕೆ ಬೇಡ ಅನ್ನುವುದು ಮುಂದಿನ ಪ್ರಶ್ನೆ. ಇಲ್ಲಿ ಅವಸರ ಮಾಡಬಾರದು. ಎಷ್ಟೋ ಸಲ "ಬೇಡ" ಅಂದರೆ "ದುಡ್ಡಿಲ್ಲ" ಅಂತ ಅರ್ಥ. ಅದು ನಿರಾಕರಣೆ ಅಲ್ಲ, ನಾಚಿಕೆ. ಬಿಪಿಎಲ್ ಕಾರ್ಡ್ ಇದೆಯಾ, ಆಯುಷ್ಮಾನ್ ಕಾರ್ಡ್ ಮಾಡಿಸಿದ್ದಾರಾ ಅಂತ ನೋಡಿದೆ. ಇವರಿಗೆ ಖರ್ಚೇ ಬರುತ್ತಿರಲಿಲ್ಲ. ಮಗನನ್ನು ಹೊರಗೆ ಕಳಿಸಿ, ಮನೆಯಲ್ಲಿ ಯಾರಾದರೂ ಏನಾದರೂ ಅಂದರಾ ಅಂತ ಕೇಳಿದೆ. ನಿದ್ದೆ, ಊಟ, ಮನಸ್ಸಿನ ಬೇಸರ ವಿಚಾರಿಸಿದೆ. ಸೈಕಿಯಾಟ್ರಿಸ್ಟ್ ಕೂಡ ಬಂದು ಅರ್ಧ ಗಂಟೆ ಮಾತಾಡಿ, ಖಿನ್ನತೆ ಇಲ್ಲ ಅಂತ ಬರೆದರು. ಅಜ್ಜಿಯ ಕಾರಣ ಇಷ್ಟೇ: "ಬಸ್ಸಿಳಿದ ದಿನ ಮಕ್ಕಂತೀನಿ. ಮರುದಿನ ಎದ್ದು ಕಟ್ಟೆಗೆ ಬಂದು ಕುಂತ್ರ, ಮತ್ತ ಬಸ್ಸು ಹತ್ತೋ ದಿನ ಬರತೈತಿ. ನಾಕು ದಿನ ಆದ್ರೂ ಚಿಂತಿಲ್ಲ, ಕಟ್ಟಿ ಮ್ಯಾಲೆ ಕುಂದರ್ತೀನಿ."

ಎರಡು ದಿನ ಬಿಟ್ಟು ಮತ್ತೆ ಕೇಳಿದೆ. ಅದೇ ಉತ್ತರ. ಅವರ ಮಾತನ್ನು ಕೇಸ್ ಶೀಟಿನಲ್ಲಿ ಅವರ ಬಾಯಲ್ಲಿ ಬಂದ ಹಾಗೇ, ಕಟ್ಟೆ, ಬಸ್ಸು ಎಲ್ಲ ಸೇರಿಸಿ ಬರೆದೆ. ಸಿಸ್ಟರ್ ಓದಿ ಹೇಳಿದರು. ಅಜ್ಜಿ ಇಂಕ್ ಪ್ಯಾಡಿಗೆ ಹೆಬ್ಬೆಟ್ಟು ಒತ್ತಿ, ಒತ್ತಿದ ಮೇಲೆ ಸೆರಗಿಗೆ ಒರೆಸಿಕೊಂಡರು. ಸಾಕ್ಷಿಗೆ ಸಿಸ್ಟರ್ ಮತ್ತು ಮಗಳು.

ಇನ್ನೊಂದು ಪ್ರಶ್ನೆ ಕೇಳಿದ್ದು ಆಮೇಲೆ ಬಹಳ ಉಪಯೋಗಕ್ಕೆ ಬಂತು. "ಅಜ್ಜಿ, ಮುಂದೆ ನಿಮಗೆ ಎಚ್ಚರ ಇಲ್ಲದಾಗ ಮಗ ಬಂದು ಡಯಾಲಿಸಿಸ್ ಮಾಡ್ರಿ ಅಂದ್ರೆ?" ಅವರು ನಕ್ಕರು. "ಅವ ಅಂದೇ ಅಂತಾನ. ನೀ ಮಾಡಬ್ಯಾಡ." ಅದನ್ನೂ ಬರೆದೆ.

ಡಯಾಲಿಸಿಸ್ ಬೇಡ ಅಂದವರಿಗೆ ಸಹಿ ಹಾಕಿಸಿಕೊಂಡು ಗೇಟಿನ ತನಕ ಬಿಟ್ಟು ಬರುವ ರೂಢಿಯಿದೆ. ಸಲಹೆ ಮೀರಿ ಹೋದರು ಅಂತ ಒಂದು ಸೀಲು ಒತ್ತಿದರೆ ನಮ್ಮ ಕೆಲಸ ಮುಗಿಯಿತು! ಅಜ್ಜಿ ಬೇಡ ಅಂದದ್ದು ಮಿಷಿನ್ನನ್ನು, ನನ್ನನ್ನಲ್ಲ. ನೀರು ಎಷ್ಟು ಕುಡಿಯಬೇಕು, ಮೈ ತುರಿಕೆಗೆ ಏನು, ಉಸಿರು ಕಷ್ಟವಾದರೆ ಏನು ಅಂತೆಲ್ಲ ಬರೆದುಕೊಟ್ಟು, ನನ್ನ ನಂಬರ್ ಕೊಟ್ಟು ಕಳಿಸಿದೆ.

ಈಗಾಗಿದ್ದರೆ ಕಾಗದ ಇನ್ನೂ ಗಟ್ಟಿ ಮಾಡಿಸುತ್ತಿದ್ದೆ. ಮುಂದೆ ಮಾತಾಡಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಕಾಗದಕ್ಕೆ ಮುಂಗಡ ವೈದ್ಯಕೀಯ ನಿರ್ದೇಶನ ಅನ್ನುತ್ತಾರೆ. ಅದನ್ನು ಬರೆದಿಡಲು ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದೇ ಒಪ್ಪಿತ್ತು. ಆದರೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. ಹಳ್ಳಿಯ ಅಜ್ಜಿಯನ್ನು ಕೋರ್ಟಿಗೆ ಕರಕೊಂಡು ಹೋಗುವವರು ಯಾರು? 2023ರ ಜನವರಿಯಲ್ಲಿ ಅದನ್ನು ಸಡಿಲಿಸಿದರು. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ಗುಣವಾಗುವ ಆಸೆ ಇಲ್ಲದ ರೋಗಿ ಮಾತಾಡುವ ಸ್ಥಿತಿಯಲ್ಲಿ ಇಲ್ಲದಾಗ, ಚಿಕಿತ್ಸೆ ನಿಲ್ಲಿಸಬಹುದಾ ಅಂತ ಮೂರು ಮೂರು ವೈದ್ಯರ ಎರಡು ಮಂಡಳಿ ಕೂತು ನೋಡಬೇಕು. 2025ರ ಜನವರಿ 30ರಂದು ನಮ್ಮ ಆರೋಗ್ಯ ಇಲಾಖೆಯೂ ಇದಕ್ಕೆ ಸುತ್ತೋಲೆ ಹೊರಡಿಸಿತು. ಇದಕ್ಕಾಗಿ ವರ್ಷಗಟ್ಟಲೆ ಅರ್ಜಿ ಬರೆದ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ನಮ್ಮ ದಾವಣಗೆರೆಯವರೇ. ಇತ್ತೀಚೆಗೆ ನನ್ನ ಪೇಷೆಂಟ್ ಒಬ್ಬರು ಕೋರ್ಟ್ ಹತ್ತಿರ ನೋಟರಿಗೆ ಹೋದಾಗ, "ವಿಲ್ ಅಲ್ವೇನ್ರೀ? ಆಸ್ತಿ ವಿವರ ಎಲ್ಲೈತಿ?" ಅಂತ ಕೇಳಿದರಂತೆ. "ಆಸ್ತಿ ಇದೇರೀ" ಅಂತ ಎದೆ ಮುಟ್ಟಿ ತೋರಿಸಿ ಬಂದೆ ಅಂದರು.

ಒಂದು ಗೊಂದಲ ಮಾತ್ರ ಬೇಡ. ಮಂಡಳಿ, ನೋಟರಿ ಇವೆಲ್ಲ ಮಾತಾಡಲಾಗದವರ ವಿಷಯಕ್ಕೆ. ಕಣ್ಣು ಬಿಟ್ಟು, ತಿಳಿದು "ಬೇಡ" ಅನ್ನುವ ವಯಸ್ಕರಿಗೆ ಯಾವ ಮಂಡಳಿಯ ಅಪ್ಪಣೆಯೂ ಬೇಕಿಲ್ಲ. ಜೀವ ಉಳಿಸುವ ಚಿಕಿತ್ಸೆಯನ್ನೂ ಅವರು ಬೇಡ ಅನ್ನಬಹುದು.

ಅಜ್ಜಿ ಹನ್ನೊಂದನೇ ದಿನ ವಾಪಸ್ ಬಂದರು. ಉಸಿರು ಮೇಲಕ್ಕೆ ಬರುತ್ತಿತ್ತು. ಮಂಕು ಕವಿದಿತ್ತು. ಆಕ್ಸಿಜನ್ ಹಾಕಿ, ಉಸಿರಿನ ಸಂಕಟಕ್ಕೆ ಸ್ವಲ್ಪ ಮಾರ್ಫಿನ್ ಕೊಟ್ಟೆ. ರಾತ್ರಿ ಒಂದೂವರೆಗೆ ಮಗ ಬಾಗಿಲಿಗೆ ಬಂದು ನಿಂತ. "ಮೇಡಂ, ಈಗ ಅವ್ವಗೆ ಗೊತ್ತಾಗಲ್ಲ. ನಾನು ಸಹಿ ಹಾಕ್ತೀನಿ. ಮಿಷಿನ್ನಿಗೆ ಹಾಕ್ರಿ."

ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಯಿತು. ನನ್ನ ಹತ್ತಿರ ಇದ್ದದ್ದು ಕೇಸ್ ಶೀಟಿನ ಒಂದು ಪುಟ, ಒಂದು ಹೆಬ್ಬೆಟ್ಟು. ಮ್ಯಾಜಿಸ್ಟ್ರೇಟರ ಸಹಿ ಇರಲಿಲ್ಲ. ಬೆಳಿಗ್ಗೆ ಅವನು ಹತ್ತು ಜನ ಕರೆತಂದು ಗಲಾಟೆ ಮಾಡಿದರೆ? ಆದರೂ ಫೈಲ್ ತರಿಸಿದೆ. ಅವನನ್ನು ಕೂರಿಸಿ, ಆ ಪುಟವನ್ನು ಗಟ್ಟಿಯಾಗಿ ಓದಿದೆ. ಬಸ್ಸಿಳಿದ ದಿನ ಮಕ್ಕಂತೀನಿ. ಕಟ್ಟಿ ಮ್ಯಾಲೆ ಕುಂದರ್ತೀನಿ. ಅವ ಅಂದೇ ಅಂತಾನ, ನೀ ಮಾಡಬ್ಯಾಡ.

ಅವನು ಪುಟವನ್ನು ತನ್ನ ಕಡೆ ಎಳೆದುಕೊಂಡ. ಹೆಬ್ಬೆಟ್ಟಿನ ನೀಲಿ ಗುರುತನ್ನು ನೋಡಿದ. "ಹಿಂಗೇ ಮಾತಾಡಾದು ಅವ್ವ" ಅಂದ. ಆಮೇಲೆ, "ಹತ್ತು ದಿನ ಕಟ್ಟಿ ಮ್ಯಾಲೇ ಕುಂತಿದ್ಲು ಮೇಡಂ" ಅಂತ ಹೇಳಿ, ಎದ್ದು ಹೋಗಿ ಮಂಚದ ಎಡಗಡೆಗೆ ಸ್ಟೂಲ್ ಎಳೆದುಕೊಂಡು ಕೂತ.