ಕಾರಿನ ಜಂಗು ಬಿಡಿಸಲು ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು

ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಕಾರಿನ ಬಾಗಿಲು ತೆಗೆದು, ಅದರ ಕೆಳ ಅಂಚಿಗೆ ಬೆರಳು ಓಡಿಸಿ ನೋಡಿ. ನಮ್ಮ ಕಲಬುರಗಿ ಕಡೆಯ ಎರೆ ಮಣ್ಣು ಹೇಗೆ ಅಂಟುತ್ತದೆ ಅಂತ ನಿಮಗೆ ಗೊತ್ತೇ ಇದೆ. ತೊಗರಿ ಹೊಲದ ದಾರಿಯಲ್ಲಿ ಒಂದು ಸಲ ಹೋಗಿ ಬಂದರೆ ಸಾಕು, ಚಕ್ರದ ಮೇಲಿನ ಕಮಾನಿನಲ್ಲಿ, ಬಾಗಿಲ ಕೆಳಗೆ ನೀರು ಇಳಿಯಲೆಂದೇ ಬಿಟ್ಟ ಸಣ್ಣ ತೂತುಗಳಲ್ಲಿ ಹೋಗಿ ಕೂತುಬಿಡುತ್ತದೆ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಹಸಿ ಇರುತ್ತದೆ. ಬಣ್ಣ ಎಲ್ಲಿ ಎದ್ದಿದೆಯೋ ಅಲ್ಲಿ ಜಂಗು ಶುರುವಾಗುತ್ತದೆ.

ಸ್ಕ್ರೂಡ್ರೈವರ್ ಹಿಡಿಯಿಂದ ಆ ಜಾಗವನ್ನು ಮೆಲ್ಲಗೆ ತಟ್ಟಿ. ಟಣ್ ಅಂದರೆ ಕೆಳಗೆ ಗಟ್ಟಿ ತಗಡು ಇದೆ, ಮನೆಯಲ್ಲೇ ಸರಿ ಮಾಡಬಹುದು. ಒಳಗೆ ಕುಸಿದರೆ, ಪುಡಿ ಉದುರಿದರೆ, ಅದು ಟಿಂಕರಿಂಗ್ ಕೆಲಸ. ತೂತು ಬಿದ್ದ ತಗಡನ್ನು ಯಾವ ಆಸಿಡ್ಡೂ ಮರಳಿ ತರುವುದಿಲ್ಲ. ಚಾಸಿ, ಸಸ್ಪೆನ್ಷನ್, ಬ್ರೇಕ್ ಪೈಪ್, ಸೀಟ್ ಬೆಲ್ಟ್ ಕೂರುವ ಜಾಗ, ಇವುಗಳಲ್ಲಿ ಜಂಗು ಕಂಡರೆ ನೀವು ಕೈ ಹಾಕಲೇಬೇಡಿ, ಮೆಕ್ಯಾನಿಕ್‌ಗೆ ತೋರಿಸಿ. ಅದು ಜೀವದ ಪ್ರಶ್ನೆ.

ಇನ್ನು ಯಾವ ಆಸಿಡ್ ಅನ್ನುವ ಮಾತು. ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನ ಕಡೆ ಯಾವ ಕಿರಾಣಿ ಅಂಗಡಿಯಲ್ಲಿ ಕೇಳಿದರೂ ನಿಂಬೆ ಉಪ್ಪು ಸಿಗುತ್ತದೆ, ನಿಂಬೂ ಫೂಲ್ ಅಂದರೂ ಕೊಡುತ್ತಾರೆ. ಅದೇ ಸಿಟ್ರಿಕ್ ಆಸಿಡ್. ನನಗೆ ಇದೇ ಇಷ್ಟ. ವಾಸನೆ ಇಲ್ಲ, ಅಗ್ಗ, ಜಂಗಿನೊಳಗಿನ ಕಬ್ಬಿಣವನ್ನು ಹಿಡಿದು ನೀರಿಗೆ ಎಳೆದುಕೊಳ್ಳುತ್ತದೆ. ಅಡುಗೆಯ ವಿನೆಗರ್ ಕೂಡ ನಡೆಯುತ್ತದೆ. ಅದರಲ್ಲಿ ಅಸಿಟಿಕ್ ಆಸಿಡ್ ಸುಮಾರು 4–5 ಶೇಕಡಾ ಮಾತ್ರ ಇರುವುದರಿಂದ ನಿಧಾನ. ಹಿತ್ತಾಳೆ ತಂಬಿಗೆಯನ್ನು ಹುಣಸೆ ಹಣ್ಣು, ಉಪ್ಪು ಹಾಕಿ ತಿಕ್ಕುತ್ತೇವಲ್ಲ, ಹಾಗೆ ಕಾರಿಗೂ ಮಾಡೋಣ ಅಂತ ಕೆಲವರು ಹೊರಡುತ್ತಾರೆ. ಹುಣಸೆಯ ಹುಳಿ ಸರಿ, ಉಪ್ಪು ಮಾತ್ರ ಬೇಡ. ಅಡುಗೆ ಉಪ್ಪು ಸಂದಿಯಲ್ಲಿ ಉಳಿದರೆ ಮತ್ತೆ ಜಂಗು ಜೋರಾಗಿ ಹಿಡಿಯುತ್ತದೆ.

ಬಚ್ಚಲ ತೊಳೆಯುವ ಆಸಿಡ್ ಬೇಡವೇ ಬೇಡ. ಹಳೆಯ ಕಾರಿನ ಬಾಗಿಲಿಗೆ ನಾನು ಒಮ್ಮೆ ಅದನ್ನೇ ಹಚ್ಚಿದ್ದೆ. ಹತ್ತೇ ನಿಮಿಷದಲ್ಲಿ ತಗಡು ಬೆಳ್ಳಿ ಹಾಗೆ ಹೊಳೆಯಿತು, ಖುಷಿಯಾಗಿ ಒಂದು ಬಕೆಟ್ ನೀರು ಸುರಿದು ಮಲಗಿದೆ. ಬೆಳಿಗ್ಗೆ ನೋಡಿದರೆ ಅಂಚಿಗುಂಟ ಕೇಸರಿ ಬಣ್ಣದ ಹೊಸ ಜಂಗು, ಪಕ್ಕದ ಬೋಲ್ಟುಗಳ ಮೇಲೂ ಅದೇ. ಅದು ಹೈಡ್ರೋಕ್ಲೋರಿಕ್ ಆಸಿಡ್. ಅದರ ಹೊಗೆ ಸಹ ಸುತ್ತಲಿನ ಕಬ್ಬಿಣಕ್ಕೆ ತಾಗುತ್ತದೆ. ಬ್ಲೀಚಿಂಗ್ ಪೌಡರ್ ಜೊತೆ ಸೇರಿದರೆ ವಿಷದ ಗ್ಯಾಸ್ ಏಳುತ್ತದೆ. ಆ ಮಾತು ನಿಂಬೆ ಉಪ್ಪಿಗೂ ವಿನೆಗರ್‌ಗೂ ಅನ್ವಯಿಸುತ್ತದೆ, ಬ್ಲೀಚಿಂಗ್ ಪೌಡರ್ ಇರುವ ಬಕೆಟ್‌ನಲ್ಲಿ ಯಾವ ಆಸಿಡ್ಡನ್ನೂ ಕಲಸಬೇಡಿ.

ಕಾರು ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದೂ ಮುಖ್ಯ. ನಮ್ಮಲ್ಲಿ ಬಹಳ ಮನೆಗಳ ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿರುತ್ತದೆ. ಅದು ಸುಣ್ಣದ ಕಲ್ಲು. ನಿಂಬೆ ಉಪ್ಪಿನ ನೀರು ಬಿದ್ದರೆ ಬುರುಬುರು ನೊರೆ ಬಂದು ಪಾಲಿಶ್ ಹೋಗಿ ಬಿಳಿ ಕಲೆ ನಿಲ್ಲುತ್ತದೆ, ಆಮೇಲೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಮಣ್ಣಿನ ನೆಲದಲ್ಲಿ ನಿಲ್ಲಿಸಿ, ಇಲ್ಲವೇ ಕೆಳಗೆ ತಾಡಪಾಲ್ ಹಾಸಿ. ಬೆಳಿಗ್ಗೆ ಏಳಕ್ಕೆಲ್ಲ ಶುರು ಮಾಡಿ, ನೆರಳಿನಲ್ಲಿ. ಬಿಸಿಲಿಗೆ ಕಾದ ತಗಡಿನ ಮೇಲೆ ಹಚ್ಚಿದ್ದು ಐದು ನಿಮಿಷದಲ್ಲಿ ಒಣಗಿಬಿಡುತ್ತದೆ, ಒಣಗಿದ ಮೇಲೆ ಅದು ಕೆಲಸ ಮಾಡುವುದಿಲ್ಲ.

ಸೋಪಿನ ನೀರಿನಿಂದ ಮಣ್ಣು, ಜಿಡ್ಡು ಪೂರ್ತಿ ತೊಳೆಯಿರಿ. ಎದ್ದ ಜಂಗನ್ನು ವೈರ್ ಬ್ರಷ್‌ನಿಂದ ಕೆರೆಯಿರಿ. ಸುತ್ತಲಿನ ಒಳ್ಳೆ ಬಣ್ಣಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಪ್ಲಾಸ್ಟಿಕ್ ಮಗ್ಗಿನಲ್ಲಿ ಅರ್ಧ ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂ ನಿಂಬೆ ಉಪ್ಪು ಕರಗಿಸಿ. ಹಳೆ ಹತ್ತಿ ಬಟ್ಟೆಯನ್ನು ಅದರಲ್ಲಿ ಅದ್ದಿ ಜಂಗಿನ ಮೇಲೆ ಅಂಟಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಟೇಪ್ ಹಾಕಿ. ಅರ್ಧ ಗಂಟೆಗೊಮ್ಮೆ ತೆಗೆದು ಸ್ಟೀಲ್ ವೂಲ್‌ನಿಂದ ತಿಕ್ಕಿ, ಮತ್ತೆ ಅದ್ದಿ ಇಡಿ. ಬಟ್ಟೆ ಹಳದಿ ಆಗುತ್ತಾ ಬಂದರೆ ಜಂಗು ಬಿಡುತ್ತಿದೆ ಅಂತ ಅರ್ಥ. ತೆಳು ಜಂಗಿಗೆ ಒಂದೆರಡು ಗಂಟೆ, ದಪ್ಪ ಇದ್ದರೆ ನಾಲ್ಕು–ಐದು ಗಂಟೆ ಹಿಡಿಯಬಹುದು. ಬಾಗಿಲ ತಗಡು ಮಡಚಿದ ಸಂದಿಗೆ ಮಾತ್ರ ಸುರಿಯಬೇಡಿ, ಒಳಗೆ ಹೋದದ್ದನ್ನು ಹೊರಗೆ ತೊಳೆಯಲು ಆಗುವುದಿಲ್ಲ. ರಾತ್ರಿಯಿಡೀ ಸುಮ್ನೆ ಬಿಟ್ಟುಬಿಡುವುದೂ ಬೇಡ, ಜಂಗು ಮುಗಿದ ಮೇಲೆ ಆಸಿಡ್ ತಗಡಿಗೇ ಬಾಯಿ ಹಾಕುತ್ತದೆ.

ಈಗಿನ ಬಹಳ ಕಾರುಗಳ ತಗಡಿಗೆ ಸತುವಿನ ತೆಳು ಲೇಪ ಇರುತ್ತದೆ. ಬೀದರ್‌ನ ಬಿದರಿ ಸಾಮಾನು ಮನೆಯಲ್ಲಿದ್ದವರಿಗೆ ಸತುವಿನ ಸ್ವಭಾವ ಗೊತ್ತಿರುತ್ತದೆ, ಹುಳಿ ತಾಗಿದರೆ ಅದಕ್ಕೆ ಆಗಿಬರುವುದಿಲ್ಲ. ತಗಡಿನ ಸತುವೂ ಹಾಗೇ, ಕಬ್ಬಿಣಕ್ಕಿಂತ ಮೊದಲು ಅದೇ ಕರಗುತ್ತದೆ. ಅದಕ್ಕೇ ಜಂಗು ಇದ್ದಷ್ಟೇ ಜಾಗಕ್ಕೆ ಬಟ್ಟೆ ಇಡಿ ಅನ್ನುವುದು.

ಇಲ್ಲಿಂದ ಮುಂದೆ ಅವಸರ ಬೇಕು. ಒಂದು ಲೀಟರ್ ನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ ಆ ಜಾಗಕ್ಕೆ ಸುರಿಯಿರಿ, ಸಣ್ಣ ನೊರೆ ಬಂದರೆ ಆಸಿಡ್ ಇನ್ನೂ ಇತ್ತು ಅಂತ ತಿಳಿಯಿರಿ. ನೊರೆ ನಿಲ್ಲುವ ತನಕ ಸುರಿದು, ಧಾರಾಳ ನೀರಿನಿಂದ ತೊಳೆಯಿರಿ. ಬೋರ್‌ವೆಲ್ ನೀರು ಗಡಸು ಅಲ್ವಾ, ಒಣಗಿದರೆ ಬಿಳಿ ಕಲೆ ಬಿಡುತ್ತದೆ, ಹಾಗಾಗಿ ಕೊನೆಯ ತೊಳೆತಕ್ಕೆ ಒಂದು ಚೊಂಬು ಫಿಲ್ಟರ್ ನೀರು ಇಟ್ಟುಕೊಳ್ಳಿ. ಒಣ ಬಟ್ಟೆಯಿಂದ ಒರೆಸಿ, ಹೇರ್ ಡ್ರೈಯರ್ ಇದ್ದರೆ ಸಂದಿಗಳಿಗೆಲ್ಲ ಗಾಳಿ ಬಿಡಿ. ನಮ್ಮ ಬೇಸಿಗೆಯ ಒಣ ಗಾಳಿ ಇಲ್ಲಿ ದೊಡ್ಡ ಉಪಕಾರ ಮಾಡುತ್ತದೆ, ಮಳೆ ಮೋಡ ಇರುವ ದಿನ ಈ ಕೆಲಸ ಹಿಡಿಯಲೇಬೇಡಿ.

ಬರಿ ತಗಡು ಬೆತ್ತಲೆ ಇದ್ದ ಹಾಗೆ. ಒಣಗಿದ ಒಂದು ಗಂಟೆಯೊಳಗೆ ಪ್ರೈಮರ್ ಬೀಳಲಿ. ಗುಳಿಗಳಲ್ಲಿ ಕಪ್ಪು ಚುಕ್ಕೆ ಉಳಿದಿದ್ದರೆ ಪೇಂಟ್ ಅಂಗಡಿಯಲ್ಲಿ ರಸ್ಟ್ ಕನ್ವರ್ಟರ್ ಕೇಳಿ. ಬಹಳಷ್ಟರಲ್ಲಿ ಫಾಸ್ಫೊರಿಕ್ ಆಸಿಡ್ ಇರುತ್ತದೆ, ಅದು ಉಳಿದ ಜಂಗನ್ನು ಗಟ್ಟಿ ಕಪ್ಪು ಪದರ ಮಾಡುತ್ತದೆ. ಬಾಟಲಿ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಟ್ಟು, ಅದರ ಮೇಲೆ ಪ್ರೈಮರ್ ಎರಡು ತೆಳು ಕೋಟ್, ಆಮೇಲೆ ಕಾರಿನ ಬಣ್ಣ, ಕೊನೆಗೆ ಕ್ಲಿಯರ್ ಕೋಟ್.

ಬಣ್ಣ ಪೂರ್ತಿ ಒಣಗಿದ ಮೇಲೆ ಒಂದು ಊದಿನಕಡ್ಡಿಯ ಕಡ್ಡಿ ತೆಗೆದುಕೊಂಡು ಬಾಗಿಲ ಕೆಳಗಿನ ಆ ಸಣ್ಣ ತೂತುಗಳ ಮಣ್ಣು ತೆಗೆಯಿರಿ. ಮೇಲಿನಿಂದ ಕಿಟಕಿ ಗಾಜಿನ ಹತ್ತಿರ ಒಂದು ಲೋಟ ನೀರು ಸುರಿದು, ಅದು ಕೆಳಗೆ ಸೋರುತ್ತಿದೆಯಾ ಅಂತ ಬಗ್ಗಿ ನೋಡಿ.