ಹಳೆಯ ಮೋಟರ್‌ಹೋಮ್ ಬಾಳಬೇಕೇ? ಮೊದಲು ನೀರನ್ನು ಹೊರಗಿಡಿ

ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ನಾವು ಕೊಂಡ ಮೋಟರ್‌ಹೋಮ್ 1997ರದು. ಇಬ್ಬರಿಗೆ ಸಾಕಾಗುವ ಹಾಸಿಗೆ, ಎರಡು ಉರಿಯ ಒಲೆ, ಪುಟ್ಟ ಸಿಂಕು, ಬೀರುವಿನಷ್ಟೇ ಅಗಲದ ಬಚ್ಚಲು. ಎಂಜಿನ್ ಚೆನ್ನಾಗಿತ್ತು, ವರ್ಷಕ್ಕೊಮ್ಮೆ ಆಗಲೇಬೇಕಾದ ಎಂಒಟಿ ತಪಾಸಣೆಯೂ ಮುಗಿದಿತ್ತು. ಕೊಂಡ ಮೊದಲ ನವೆಂಬರ್‌ನಲ್ಲಿ ಹಾಸಿಗೆ ಎತ್ತಿ ಗುಡಿಸುವಾಗ ಮೂಲೆಯ ಗೋಡೆಗೆ ಬೆರಳು ತಾಗಿತು. ಪ್ಲೈವುಡ್ಡು ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಒಳಗೆ ಕುಸಿಯಿತು. ಎಂಒಟಿಯವರು ಬ್ರೇಕು, ದೀಪ, ಟೈರು, ಹೊಗೆ ನೋಡುತ್ತಾರೆ. ನಾವು ಮಲಗುವ ಭಾಗದ ತೇವವನ್ನಾಗಲಿ ಗ್ಯಾಸನ್ನಾಗಲಿ ಅವರು ನೋಡುವುದಿಲ್ಲ ಎಂದು ನಮಗೆ ಗೊತ್ತಾದದ್ದು ಆಗಲೇ.

ಈಗ ವರ್ಷದಲ್ಲಿ ಆರು ತಿಂಗಳು ಅದರಲ್ಲೇ ಇರುತ್ತೇವೆ. ಅಲ್ಲಿಯೋ ಯೂರೋಪಿನಲ್ಲೋ ನೆಲೆಸಿ ಇಂಥ ಹಳೆಯ ಗಾಡಿಯ ಮೇಲೆ ಕಣ್ಣಿಟ್ಟಿರುವ ಕನ್ನಡಿಗರಿಗೆ ಒಂದು ಮಾತು: ಎಂಜಿನ್ ಕೆಟ್ಟರೆ ರಿಪೇರಿ ಮಾಡಿಸಬಹುದು, ಗೋಡೆ ಕೊಳೆತರೆ ಗಾಡಿಯೇ ಹೋಯಿತು. ಆದ್ದರಿಂದ ಎಲ್ಲಕ್ಕಿಂತ ಮೊದಲು ನೀರಿನ ವಿಚಾರ.

ಒಂದು: ಮೂಲೆಗಳನ್ನು ಮುಟ್ಟಿ ನೋಡಿ

ಹಳೆಯ ಮೋಟರ್‌ಹೋಮ್‌ಗಳಲ್ಲಿ ಹೆಚ್ಚಿನವುಗಳ ಗೋಡೆ ಮರದ ಪಟ್ಟಿಗಳ ಚೌಕಟ್ಟು. ಹೊರಗೆ ತೆಳು ಅಲ್ಯೂಮಿನಿಯಂ ಹಾಳೆ, ನಡುವೆ ಥರ್ಮೋಕೋಲ್, ಒಳಗೆ ತೆಳು ಪ್ಲೈವುಡ್. ಹಾಳೆಗಳು ಕೂಡುವ ಕಡೆ ಅಲ್ಯೂಮಿನಿಯಂ ಪಟ್ಟಿ ಕೂರಿಸಿ ಸ್ಕ್ರೂ ಹೊಡೆದಿರುತ್ತಾರೆ. ಪಟ್ಟಿಯ ಅಡಿಯಲ್ಲಿ ಅಂಟುಮೇಣದಂಥ ಸೀಲಂಟ್ ಇರುತ್ತದೆ. ವರ್ಷಗಳು ಕಳೆದಂತೆ ಅದು ಒಣಗಿ ಬಿರಿಯುತ್ತದೆ. ಮಳೆನೀರು ಸ್ಕ್ರೂ ಹಿಡಿದು ಒಳಗಿಳಿದು ಮರಕ್ಕೆ ಸೇರುತ್ತದೆ. ಒಳಗಿನ ಗೋಡೆಯಲ್ಲಿ ಕಲೆ ಕಾಣುವ ಹೊತ್ತಿಗೆ ಒಳಗಿನ ಮರ ಮೆತ್ತಗಾಗಿರುತ್ತದೆ.

ತೇವ ಅಳೆಯುವ ಮೀಟರ್ ದುಬಾರಿಯಲ್ಲ, ಒಂದು ಇಟ್ಟುಕೊಳ್ಳಿ. 15 ಶೇಕಡಾದವರೆಗೆ ಚಿಂತೆಯಿಲ್ಲ. 15ರಿಂದ 20ರೊಳಗಿದ್ದರೆ ಮೂರು ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಅಳೆದು ಬರೆದಿಡಿ. 20 ದಾಟಿತೆಂದರೆ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಲೇಬೇಕು. ಕಿಟಕಿಯ ಕೆಳಮೂಲೆ, ಚಾವಣಿಯ ಗವಾಕ್ಷಿಯ ಸುತ್ತ, ಡ್ರೈವರ್ ತಲೆಯ ಮೇಲಿನ ಹಾಸಿಗೆಯ ಮುಂಭಾಗ, ಹಿಂದಿನ ದೀಪಗಳ ಒಳಬದಿ, ಚಕ್ರದ ಮೇಲಿನ ನೆಲ, ಈ ಐದು ಜಾಗ ಬಿಡಬೇಡಿ. ಬೀರುಗಳ ಬಾಗಿಲು ತೆಗೆದು ಮೂಸಿಯೂ ನೋಡಿ. ಮುಗ್ಗುಲು ವಾಸನೆ ಬಂದರೆ, ಮಾರುವವರು ಎಷ್ಟೇ ಸುಗಂಧ ಸಿಂಪಡಿಸಿದ್ದರೂ, ನಿಮ್ಮ ಮೂಗನ್ನೇ ನಂಬಿ.

ಎರಡು: ಪಟ್ಟಿ ಬಿಚ್ಚಿ ಹೊಸದಾಗಿ ಕೂರಿಸಿ

ಬಿರುಕಿನ ಮೇಲೆ ಸಿಲಿಕೋನ್ ಬಳಿಯುವುದು ಎಲ್ಲರೂ ಮಾಡುವ ತಪ್ಪು. ಸೋರುವುದು ಪಟ್ಟಿಯ ಅಡಿಯಲ್ಲಿ, ಮೇಲೆ ಬಳಿದರೆ ಒಳಗೆ ಹೊಕ್ಕ ನೀರು ಹೊರಬರುವ ದಾರಿಯೂ ಮುಚ್ಚುತ್ತದೆ. ವಿನಿಗರ್ ವಾಸನೆ ಬರುವ ಸಿಲಿಕೋನ್ ಅಲ್ಯೂಮಿನಿಯಂ ಅನ್ನೂ ತಿನ್ನುತ್ತದೆ. ಒಮ್ಮೆ ಬಳಿದ ಜಾಗಕ್ಕೆ ಮುಂದೆ ಬೇರೇನೂ ಸರಿಯಾಗಿ ಅಂಟುವುದಿಲ್ಲ.

ಎರಡು ದಿನ ಮಳೆ ಇಲ್ಲದ ಹೊತ್ತು ನೋಡಿಕೊಳ್ಳಿ. ಪಟ್ಟಿಯ ಮೇಲಿನ ಪ್ಲಾಸ್ಟಿಕ್ ಎಳೆಯನ್ನು ಎಳೆದು ತೆಗೆದರೆ ಸ್ಕ್ರೂಗಳು ಕಾಣುತ್ತವೆ. ಅವನ್ನು ಬಿಚ್ಚಿ ಪಟ್ಟಿಯನ್ನು ಬಗ್ಗದಂತೆ ಎಬ್ಬಿಸಿ. ಹಳೆಯ ಸೀಲಂಟನ್ನು ಮರದ ಇಲ್ಲವೇ ಪ್ಲಾಸ್ಟಿಕ್ಕಿನ ಚಪ್ಪಟೆ ಚೂರಿನಿಂದ ಕೆರೆಯಿರಿ, ಲೋಹದ್ದು ಬೇಡ, ಹಾಳೆಗೆ ಗೀರು ಬೀಳುತ್ತದೆ. ಉಳಿದ ಜಿಗುಟನ್ನು ವೈಟ್ ಸ್ಪಿರಿಟ್ (ಬಣ್ಣ ತೆಳುವಾಗಿಸುವ ದ್ರವ) ಹಾಕಿ ಒರೆಸಿ. ಒಳಮರ ಒದ್ದೆಯಾಗಿದ್ದರೆ ಇಲ್ಲಿಗೇ ನಿಲ್ಲಿಸಬೇಕು. ತೆರೆದಿಟ್ಟು, ಒಳಗೆ ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಯಂತ್ರ ಓಡಿಸಿ, ಮೀಟರ್ ಇಳಿಯುವವರೆಗೆ ಕಾಯಬೇಕು. ನಮಗೆ ಮೂರು ವಾರ ಹಿಡಿಯಿತು. ಗಾಡಿಯ ಮೇಲೆ ಟಾರ್ಪಾಲು ಕಟ್ಟಿಕೊಂಡು ಕಾದೆವು. ಒದ್ದೆ ಮರವನ್ನು ಮುಚ್ಚಿದರೆ ಕೊಳೆಯನ್ನು ಒಳಗಿಟ್ಟು ಬೀಗ ಹಾಕಿದಂತೆ. ಆಮೇಲೆ, ಗಟ್ಟಿಯಾಗದೆ ಮೆತ್ತಗೇ ಉಳಿಯುವ ಬ್ಯುಟೈಲ್ ಎಂಬ ರಬ್ಬರಿನಂಥ ಸೀಲಂಟ್ ಟೇಪನ್ನು ಅಲ್ಯೂಮಿನಿಯಂ ಪಟ್ಟಿಯ ಅಡಿಗೆ ಉದ್ದಕ್ಕೂ ಹಾಸಿ, ಹೊಸ ಸ್ಟೇನ್‌ಲೆಸ್ ಸ್ಕ್ರೂಗಳನ್ನು ನಡುವಿನಿಂದ ತುದಿಗಳ ಕಡೆಗೆ ಸ್ವಲ್ಪಸ್ವಲ್ಪವೇ ಬಿಗಿಯುತ್ತ ಬನ್ನಿ. ಹೊರಗೆ ಉಕ್ಕಿದ್ದನ್ನು ಮರುದಿನ ಕೆರೆದರೆ ಸಾಕು.

ಸಾಗರದ ಕಡೆ ನಮ್ಮ ತವರಿನಲ್ಲಿ ಮಳೆ ಹಿಡಿಯುವ ಮುಂಚೆ ಅಪ್ಪಯ್ಯ ಮಾಡು ಹತ್ತಿ ಒಡೆದ ಹೆಂಚು ಬದಲಿಸುತ್ತಿದ್ದರು. ನಾನೂ ಹಾಗೆಯೇ, ಪ್ರತಿ ಸೆಪ್ಟೆಂಬರ್‌ನಲ್ಲಿ ಏಣಿ ಇಟ್ಟು ಚಾವಣಿಯ ಕೀಲುಗಳನ್ನೆಲ್ಲ ಒರೆಸಿ ನೋಡುತ್ತೇನೆ.

ಮೂರು: ಒಳಗೆ ಹುಟ್ಟುವ ನೀರು

ಮಳೆಯ ನೀರಷ್ಟೇ ಅಲ್ಲ. ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರು ಆವಿಯಾಗಿ ಹುಟ್ಟುತ್ತದೆ. ಅದರ ಮೇಲೆ ಕುದಿಯುವ ಸಾರಿನ ಹಬೆ, ಇಬ್ಬರ ರಾತ್ರಿಯ ಉಸಿರು. ಇದೆಲ್ಲ ತಣ್ಣನೆಯ ಗೋಡೆ ಸಿಕ್ಕಲ್ಲಿ ಹನಿಗಟ್ಟಿ, ಹಾಸಿಗೆಯ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ. ನಮ್ಮ ಅಡುಗೆಗೆ ಹಬೆ ಹೆಚ್ಚು, ಆದರೆ ಅನ್ನ ಸಾರು ಬಿಡಬೇಕಾಗಿಲ್ಲ. ಬೇಳೆ ನೆನೆಸಿಟ್ಟು ಮೂರು ಲೀಟರಿನ ಕುಕ್ಕರಿನಲ್ಲಿ ಬೇಯಿಸಿ, ಅರ್ಧದಷ್ಟು ಗ್ಯಾಸೂ ಸಾಕು. ಒಲೆ ಹಚ್ಚುವ ಮುಂಚೆಯೇ ಚಾವಣಿಯ ಗವಾಕ್ಷಿ ತೆರೆಯಿರಿ, ಒಗ್ಗರಣೆ ಆರಿದ ಮೇಲೂ ಹತ್ತು ನಿಮಿಷ ಬಿಡಿ. ಹಾಸಿಗೆಯ ಅಡಿ ಗಾಳಿಯಾಡುವಂತೆ ಮರದ ಪಟ್ಟಿಗಳಿರಲಿ. ಬೆಳಗ್ಗೆ ಎದ್ದೊಡನೆ ಕಿಟಕಿಯ ಹನಿಗಳನ್ನು ಬಟ್ಟೆಯಿಂದ ಒರೆಸಿ ಹೊರಗೆ ಹಿಂಡಿ. ಒಂದೊಂದು ದಿನ ಬೊಗಸೆ ತುಂಬ ನೀರು ಬರುತ್ತದೆ.

ಚಳಿಗೆ ಹೆದರಿ ನೆಲದ ತೂತುಗಳನ್ನು ಮಾತ್ರ ಯಾವತ್ತೂ ಮುಚ್ಚಬೇಡಿ. ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಹೊರಹೋಗಲೆಂದೇ ಆ ತೂತು ಇರುವುದು. ಗ್ಯಾಸು ಸರಿಯಾಗಿ ಉರಿಯದಾಗ ಹುಟ್ಟುವ ವಾಸನೆಯಿಲ್ಲದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್; ಅದರ ಅಲಾರಂ ಇಲ್ಲದೆ ಒಂದು ರಾತ್ರಿಯೂ ಮಲಗಬೇಡಿ. ಇದು ಕೈಮುಗಿದು ಕೇಳುವ ಮಾತು.

ನಾಲ್ಕು: ಗ್ಯಾಸು, ಬ್ಯಾಟರಿ, ಟೈರು

ಬ್ರಿಟನ್ನಿನಲ್ಲಿ ಕ್ಯಾಲರ್ ಕಂಪನಿಯ ನೀಲಿ ಸಿಲಿಂಡರ್ ಬ್ಯೂಟೇನ್, ಕೆಂಪು ಪ್ರೊಪೇನ್. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ, ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ. ವರ್ಷವಿಡೀ ಇರುವವರಿಗೆ ಕೆಂಪೇ ಸರಿ. ರಬ್ಬರ್ ಪೈಪಿನ ಮೇಲೆ ಅಚ್ಚಾದ ವರ್ಷ ನೋಡಿ, ಐದು ವರ್ಷಕ್ಕೊಮ್ಮೆ ಬದಲಿಸಿ. ಸೋರಿಕೆ ಹುಡುಕಲು ಸೋಪಿನ ನೊರೆ ಸಾಕು. ಉಳಿದದ್ದು ಗ್ಯಾಸ್ ಸೇಫ್ (ಬ್ರಿಟನ್ನಿನ ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿ) ನೋಂದಣಿಯಿರುವ, ಮೋಟರ್‌ಹೋಮ್‌ನ ಗ್ಯಾಸ್ ಕೆಲಸ ಬಲ್ಲವರಿಗೇ ಬಿಡಿ.

ಒಳಗಿನ ದೀಪ, ಪಂಪುಗಳಿಗೆ ಬೇರೆಯೇ 12 ವೋಲ್ಟ್ ಬ್ಯಾಟರಿ ಇರುತ್ತದೆ. ಕೆಲಸವಿಲ್ಲದೆ ಕುಳಿತಾಗ 12.7 ತೋರಿಸಿದರೆ ತುಂಬಿದೆ, 12.2ಕ್ಕೆ ಇಳಿದರೆ ಅರ್ಧ ಮುಗಿದಿದೆ. ಸೀಸದ ಬ್ಯಾಟರಿಯನ್ನು ಅದಕ್ಕಿಂತ ಕೆಳಗೆ ಇಳಿಸಿದಷ್ಟೂ ಅದರ ಆಯುಷ್ಯ ಕಡಿಮೆ.

ಟೈರಿನ ಸವಕಳಿಗಿಂತ ವಯಸ್ಸು ಮುಖ್ಯ. ಪಕ್ಕದಲ್ಲಿ 2319 ಎಂದಿದ್ದರೆ 2019ರ 23ನೇ ವಾರದ್ದು. ನಿಂತೇ ಇರುವ ಗಾಡಿಗಳ ಟೈರು ನೆಲಕ್ಕೆ ತಾಗುವ ಮೈಯಲ್ಲಿ ಚೆನ್ನಾಗಿದ್ದರೂ ಪಕ್ಕದಲ್ಲಿ ಬಿರಿದಿರುತ್ತದೆ. ಎಂಜಿನ್ನಿನ ಟೈಮಿಂಗ್ ಬೆಲ್ಟಿಗೂ ಇದೇ ಲೆಕ್ಕ: ಮೈಲಿ ಕಡಿಮೆ ಓಡಿದೆ ಎಂದು ವರ್ಷ ಮರೆಯಬೇಡಿ.

ಐದು: ತೂಕ, ಶೌಚ, ತಂಗುವ ಜಾಗ

ಸಣ್ಣ ಗಾಡಿಗಳ ಮಿತಿ ಸಾಮಾನ್ಯವಾಗಿ 3,500 ಕಿಲೋ ಒಳಗೆ. ನೂರು ಲೀಟರ್ ನೀರೆಂದರೆ ನೂರು ಕಿಲೋ. ಹೊರಡುವಾಗ ಅರ್ಧ ಟ್ಯಾಂಕ್ ಸಾಕು. ಒಮ್ಮೆ ಅಕ್ಕಿ, ಬಟ್ಟೆ, ಪುಸ್ತಕ ಎಲ್ಲ ತುಂಬಿಕೊಂಡೇ ಲಾರಿಗಳನ್ನು ತೂಗುವ ವೇಬ್ರಿಡ್ಜಿಗೆ ಹೋಗಿ ನೋಡಿ.

ಶೌಚದ ಪೆಟ್ಟಿಗೆಯನ್ನು ಎರಡು ಮೂರು ದಿನಕ್ಕೊಮ್ಮೆ ಅದಕ್ಕೆಂದೇ ಇರುವ ಜಾಗದಲ್ಲಿ ಮಾತ್ರ ಖಾಲಿ ಮಾಡಿ. ಅದರ ರಬ್ಬರಿಗೆ ಕೊಬ್ಬರಿ ಎಣ್ಣೆ, ವ್ಯಾಸಲಿನ್ ಹಚ್ಚಬೇಡಿ, ರಬ್ಬರ್ ಕೆಟ್ಟು ಸೋರುತ್ತದೆ. ಸಿಲಿಕೋನ್ ಸ್ಪ್ರೇ ಸರಿ.

ಸ್ಕಾಟ್ಲೆಂಡಿನಲ್ಲಿ ಎಲ್ಲಿ ಬೇಕಾದರೂ ತಂಗಬಹುದು ಎನ್ನುವವರಿದ್ದಾರೆ. 2003ರ ಭೂಸುಧಾರಣಾ ಕಾಯ್ದೆ ಕೊಟ್ಟ ಹಕ್ಕು ನಡೆದು ಹೋಗಿ ಡೇರೆ ಹಾಕುವವರಿಗೆ, ಮೋಟಾರು ವಾಹನಕ್ಕಲ್ಲ. ಜಾಗದವರನ್ನು ಕೇಳಿ. ಕ್ಯಾರವಾನ್ ಕ್ಲಬ್ಬಿನವರ ಅನುಮತಿ ಪಡೆದು ಐದೇ ಗಾಡಿ ನಿಲ್ಲಿಸಿಕೊಳ್ಳುವ ಹೊಲದಂಚಿನ ಜಾಗಗಳು ನಮಗೆ ಅಚ್ಚುಮೆಚ್ಚು.

ಆರು: ಚಳಿಗಾಲಕ್ಕೆ ನಿಲ್ಲಿಸುವಾಗ

ನೀರು ಹೆಪ್ಪುಗಟ್ಟಿದರೆ ಹಿಗ್ಗಿ ಬಾಯ್ಲರನ್ನೇ ಸೀಳುತ್ತದೆ. ಟ್ಯಾಂಕು, ಬಾಯ್ಲರು ಎರಡನ್ನೂ ಬಸಿಯಿರಿ. ನಲ್ಲಿಯ ಹಿಡಿಯನ್ನು ಬಿಸಿ ತಣ್ಣೀರಿನ ನಡುವೆ ನಿಲ್ಲಿಸಿ ತೆರೆದೇ ಬಿಡಿ. ಷವರಿನ ತಲೆಯನ್ನು ಕೆಳಗಿಳಿಸಿ ಕೊಡವಿ, ಅದರೊಳಗೆ ಉಳಿದ ನೀರು ಎಲ್ಲರಿಗೂ ಮರೆಯುತ್ತದೆ. ದಿಂಬು ಹಾಸಿಗೆಗಳನ್ನು ಗೋಡೆಗೆ ತಾಗದಂತೆ ಎತ್ತಿ ನಿಲ್ಲಿಸಿ. ಬೀರು, ಫ್ರಿಡ್ಜುಗಳ ಬಾಗಿಲು ತೆರೆದಿರಲಿ. ತಿಂಗಳಿಗೊಮ್ಮೆ ಗಾಡಿಯನ್ನು ಹತ್ತಿಪ್ಪತ್ತು ಮೈಲಿ ಓಡಿಸಿ ತಂದು, ಟೈರಿನ ಬೇರೆ ಭಾಗ ನೆಲಕ್ಕೆ ತಾಗುವಂತೆ ನಿಲ್ಲಿಸಿ, ತೇವದ ಮೀಟರ್ ಹಿಡಿದು ಮೊದಲು ಹೇಳಿದ ಆ ಐದು ಜಾಗಗಳನ್ನು ಮತ್ತೆ ಅಳೆಯಿರಿ.