ಕೋಲು ಹಿಡಿದ ಮೇಲಿನ ಕವಿತೆ: ನನ್ನ ಅನುಭವ

ನನ್ನ ಕವಿತೆಯ ಪುಸ್ತಕ ಬಂತು. ಹಾಕಿದ ದುಡ್ಡೂ ಹೆಚ್ಚುಕಮ್ಮಿ ವಾಪಸ್ ಬಂತು. ಕಣ್ಣು ಕಾಣದ, ಎಂಬತ್ತು ದಾಟಿದ ಒಬ್ಬರ ಮೇಲೆ ಇಡೀ ಸಂಕಲನವನ್ನು ಯಾರು ಓದುತ್ತಾರೆ ಎಂದವರು ತೀರ್ಥಹಳ್ಳಿ, ಸಾಗರ ಕಡೆಯ ಕವಿಗೋಷ್ಠಿಗಳಲ್ಲಿ ಬಹಳ ಮಂದಿ ಇದ್ದರು. ಅವರಲ್ಲೇ ಕೆಲವರು ಈಗ ಹೇಗೆ ಬರೆದಿರಿ ಎಂದು ಕೇಳುತ್ತಿದ್ದಾರೆ. ಅದಕ್ಕೇ ಇದು.

ಆ ಒಬ್ಬರು ನನ್ನ ದೊಡ್ಡಪ್ಪ. ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿ ಹತ್ತು ವರ್ಷದ ಮೇಲಾಯಿತು. ಮೊಣಕಾಲೂ ಸರಿಯಿಲ್ಲ, ಕೋಲು ಬೇಕು. ಆದರೆ ಒಣಗಿದ ಅಡಿಕೆ ಆರಿಸಲು ಕೂತರೆ ಮನೆಯಲ್ಲಿ ಅವರದೇ ಕೊನೇ ಮಾತು. ಬೆರಳಲ್ಲಿ ಸವರಿ ಸರಕು, ಬೆಟ್ಟೆ, ಗೊರಬಲು ಎಂದು ದರ್ಜೆ ದರ್ಜೆಯಾಗಿ ಬೇರೆ ಮಾಡುತ್ತಾರೆ.

ಶುರುವಿನಲ್ಲಿ ಬರೆದ ಮೂವತ್ತು ಚಿಲ್ಲರೆ ಕವಿತೆಗಳಲ್ಲಿ ಹಣ್ಣೆಲೆ, ಮುಸ್ಸಂಜೆ, ಆರುವ ದೀಪ ಎಲ್ಲ ಇದ್ದವು. ಗೋಷ್ಠಿಯಲ್ಲಿ ಚಪ್ಪಾಳೆ ಬಿತ್ತು. ದೊಡ್ಡಪ್ಪನಿಗೆ ಓದಿದೆ. ಪೂರ್ತಿ ಕೇಳಿ, "ಇದ್ರಲ್ಲಿ ನಾನು ಎಂತ ಮಾಡ್ತಾ ಇದೀನಿ ಮಾರಾಯ?" ಎಂದರು. ನಿಜ, ಯಾವುದರಲ್ಲೂ ಅವರು ಏನೂ ಮಾಡುತ್ತಿರಲಿಲ್ಲ. ಸುಮ್ನೆ ಕೂತಿದ್ದರು. ಆ ಕಟ್ಟು ಅಟ್ಟಕ್ಕೆ ಹೋಯಿತು.

ನಮ್ಮ ಕಾವ್ಯದಲ್ಲಿ ಮುಪ್ಪು, ಅಂಗವೈಕಲ್ಯ ಇಲ್ಲವೇ? ಬೇಕಾದಷ್ಟಿದೆ. ಬಸವಣ್ಣನವರ "ಕಾಲ ಮೇಲೆ ಕೈಯನೂರಿ ಕೋಲ ಹಿಡಿಯದ ಮುನ್ನ" ಎಂಬ ಸಾಲು ನೋಡಿ. ಮುದುಕರು ಹೇಗೆ ಏಳುತ್ತಾರೆ ಎಂಬುದನ್ನು ಅಷ್ಟು ಹತ್ತಿರದಿಂದ ಕಂಡವರು ಕಡಿಮೆ. ಆದರೆ ಆ ವಚನ ಮಾತಾಡುವುದು ಇನ್ನೂ ಕೋಲು ಹಿಡಿಯದವರ ಜೊತೆ. ಇನ್ನೊಂದು ವಚನದಲ್ಲಿ ಹೆಳವನ ಮಾಡು, ಅಂಧಕನ ಮಾಡು, ಕಿವುಡನ ಮಾಡು ಎಂದು ದೇವರನ್ನೇ ಬೇಡುತ್ತಾರೆ. ಭಕ್ತಿಗೆ ಅದು ಸರಿ. ಧೃತರಾಷ್ಟ್ರನ ಕುರುಡುತನ, ಮಗನ ಮೇಲಿನ ಮೋಹಕ್ಕೆ ಗುರುತಾಯಿತು. ಅದೇ ಮುದುಕ ತೋಳಲ್ಲಿ ಉಕ್ಕಿನ ಭೀಮನನ್ನು ಪುಡಿ ಮಾಡಿದ್ದನ್ನು ಎಷ್ಟು ಜನ ಮೊದಲು ನೆನೆಯುತ್ತಾರೆ? ಕೋಲು ಹಿಡಿದಾದ ಮೇಲೆ ಬೆಳಗ್ಗೆ ಎದ್ದು ಆ ಮನುಷ್ಯ ಏನು ಮಾಡುತ್ತಾನೆ? ನನಗೆ ಬೇಕಾಗಿದ್ದು ಅದು.

ಧೈರ್ಯ ಕೊಟ್ಟಿದ್ದು ಕವಿತೆಯಲ್ಲ, ಒಂದು ಶಾಸನ. ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯ ಕೋಡಿಯಮಠದ್ದು, 1162ರದ್ದು. ಮಠದಲ್ಲಿ ಯಾರಿಗೆಲ್ಲ ಅನ್ನ ಎಂದು ಹೇಳುವಾಗ ಕುಂಟರು, ಕುರುಡರು, ಕಿವುಡರ ಬೆನ್ನಿಗೇ ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು ಬರುತ್ತಾರೆ. ಎಲ್ಲರಿಗೂ ಒಂದೇ ಪಂಕ್ತಿ.

ಆಮೇಲೆ ಕ್ರಮ ಬದಲಾಯಿಸಿದೆ. ಪ್ರತಿ ಕವಿತೆಯಲ್ಲೂ ದೊಡ್ಡಪ್ಪ ಏನಾದರೂ ಕೆಲಸ ಮಾಡುತ್ತಿರಬೇಕು. ಬರೆದದ್ದನ್ನು ಅವರ ಮುಂದೆ ಓದಬೇಕು. ಅವರು ಬೇಡ ಎಂದ ಸಾಲು ಹೋಗಬೇಕು, ವಾದ ಇಲ್ಲ. ಈ ಕೊನೆಯದೇ ಬಹಳ ಕಷ್ಟ, ಮಾಡಿ ನೋಡಿ. ಅವರ ಉಸಿರಿಗೂ ನನ್ನ ಸಾಲು ಮುರಿಯುವ ಜಾಗಕ್ಕೂ ಒಂದು ಲೆಕ್ಕ ಇಟ್ಟಿದ್ದೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಒಂದು ಕವಿತೆ ಹೀಗೆ ಉಳಿಯಿತು:

ಗೊರಬಲು ಈ ಕಡೆ, ಬೆಟ್ಟೆ ಆ ಕಡೆ.
ನಡುವೆ ಬೆರಳು ನಿಂತರೆ
ಮನೆಯವರೆಲ್ಲ ಕಾಯಬೇಕು.

ಇದಕ್ಕೆ ನಾಲ್ಕನೇ ಸಾಲು ಇತ್ತು, ಕತ್ತಲಲ್ಲಿ ಬೆಳಕು ಕಂಡಂತೆ ಏನೋ. "ಕತ್ತಲೆ ಎಂತಕ್ಕೆ? ತೂಕದ ವಿಷಯ ಹೇಳು" ಎಂದರು. ಹೊಡೆದು ಹಾಕಿದೆ. ಕವಿತೆ ಎದ್ದು ನಿಂತಿತು. ಮೂರೇ ಸಾಲಿನಲ್ಲಿ ಮುದುಕರ ಗತ್ತು ಹೀಗೆ ಬಂದದ್ದನ್ನು ನಮ್ಮ ಕಡೆ ನಾನು ಇತ್ತೀಚೆಗೆ ಓದಿಲ್ಲ.

ಮಧ್ಯೆ ಭಾಮಿನಿ ಷಟ್ಪದಿ ಎಂಬ ಹಳೆಯ ಛಂದಸ್ಸಿನಲ್ಲೂ ಪ್ರಯತ್ನಿಸಿದೆ. ಕೋಲು, ಕಾಲು, ಎಳೆದ ಕಾಲು: ಆ ನಡಿಗೆ ಮೂರು-ನಾಲ್ಕು ಮಾತ್ರೆಗೆ ಚೆನ್ನಾಗಿ ಕೂರುತ್ತದೆ. ತುಂಗೆ ದಡದ ಹೊಸಹಳ್ಳಿ ಗಮಕಕ್ಕೆ, ಅಂದರೆ ಕಾವ್ಯವನ್ನು ರಾಗವಾಗಿ ಓದುವುದಕ್ಕೆ, ಹೆಸರಾದ ಊರಲ್ವಾ, ಗಮಕ ಬಲ್ಲ ಗೆಳೆಯರೊಬ್ಬರಿಂದ ವಾಚನ ಮಾಡಿಸಿದೆ. ಕೇಳಲು ಸೊಗಸಾಗಿತ್ತು. ಆದರೆ ರಾಗ ಹತ್ತಿದ ಕೂಡಲೇ ಕೇಳುವವರ ಕಣ್ಣಲ್ಲಿ ನೀರು. ಮತ್ತೆ ಅದೇ ಅಯ್ಯೋ ಪಾಪ. ಬಿಟ್ಟೆ. ಭದ್ರಾವತಿ ಆಕಾಶವಾಣಿಯ ವಾರ್ತೆ ಓದುವ ಧಾಟಿಯಲ್ಲಿ ಓದಿದಾಗ ಮಾತ್ರ ದೊಡ್ಡಪ್ಪ ತಲೆಯಾಡಿಸಿದರು. ಈಗ ಗೋಷ್ಠಿಗಳಲ್ಲೂ ಹಾಗೇ ಓದುತ್ತೇನೆ.

ದುಡ್ಡಿನ ವಿಷಯ. ಒಬ್ಬ ಪ್ರಕಾಶಕರು ಮುಂಗಡ ತಗೊಂಡು ವರ್ಷಗಟ್ಟಲೆ ಹಸ್ತಪ್ರತಿ ಇಟ್ಟುಕೊಂಡರು. "ಕರುಣೆ ಕಮ್ಮಿ ಇದೆ, ಮಾರಾಟ ಆಗೋಲ್ಲ" ಎಂದು ವಾಪಸ್ ಕೊಟ್ಟರು. ಮುಂಗಡದಲ್ಲಿ ಅರ್ಧ ಇನ್ನೂ ಬಂದಿಲ್ಲ. ಕೊನೆಗೆ ನಾನೇ ಶಿವಮೊಗ್ಗದಲ್ಲಿ 500 ಪ್ರತಿ ಅಚ್ಚು ಹಾಕಿಸಿದೆ. 38 ಸಾವಿರದ ಹತ್ತಿರ ಆಯಿತು. ಬೆಲೆ 120 ಇಟ್ಟೆ. ನಾನೂರರ ಸುತ್ತ ಪ್ರತಿ ಖರ್ಚಾಗಿವೆ, ಜಾಸ್ತಿ ಪಾಲು ಮದುವೆಮನೆ, ಸೊಸೈಟಿ ಸಭೆಗಳಲ್ಲಿ. ಅಂಗಡಿಯಲ್ಲಿ ಇಟ್ಟದ್ದು ಹೋಗಲೇ ಇಲ್ಲ. ಕೊಂಡವರಲ್ಲಿ ಮನೆಯಲ್ಲಿ ಹಾಸಿಗೆ ಹಿಡಿದ ಅಪ್ಪ, ಅಮ್ಮ ಇರುವವರೇ ಹೆಚ್ಚು. ಕೆಲವರು ಓದಿ ಹೇಳಿದ್ದನ್ನು ರೆಕಾರ್ಡ್ ಮಾಡಿ ಕಳಿಸಿದ್ದಾರೆ.

ದೊಡ್ಡಪ್ಪನ ಪಾಲು ಎಂದು 4 ಸಾವಿರ ಕೊಟ್ಟೆ. ನೋಟು ಸವರಿ ಎಣಿಸಿ, "ಸಾಲು ಹೊಡೆದ ಕೂಲಿಗೆ ಇದು ಕಮ್ಮಿ ಆತು" ಎಂದರು. ಮುಂದಿನ ಪುಸ್ತಕಕ್ಕೆ ಅರ್ಧರ್ಧ ಎಂದು ಮಾತಾಗಿದೆ. ಅದರ ಮೊದಲ ಕವಿತೆಯಲ್ಲಿ ಅವರು ಈಗಾಗಲೇ ಎರಡು ಸಾಲು ತೆಗೆಸಿದ್ದಾರೆ.